ಆಟೋನಗರದ ಅಳಿಯನಿಗೆ

ಕಾಚಿಗುಡ, ಹೈದರಾಬಾದ್



ವನಸ್ಥಲಿಪುರದ ಆಟೋನಗರದಲ್ಲಿ ನೀನು ಗ್ಯಾರೇಜಿಗೆ ಶೆಡ್ಡು ಹಿಡಿದ ಸುದ್ದಿಯನ್ನು ಅಕ್ಕ ಬೀದರಿನಿಂದ ಫೋನ್ ಮಾಡಿ ಹೇಳಿದಳು. ಎರಡು ರ‍್ಯಾಂಪು, ಪೇಂಟಿಂಗಿಗೆ ಬೇರೆ ಜಾಗ, ನಾಲ್ಕು ಹುಡುಗರು ಅಂತೆ. ಭಾಳ ಖುಷಿಯಾಯಿತು. ಏಜೆಂಟ್ ಬಂದು "ಒಂದೇ ಪಾಲಿಸಿ, ಎಲ್ಲಾ ಕವರ್ ಆಗ್ತದ" ಅಂದನೆಂದೂ ಹೇಳಿದಳು. ಅಲ್ಲಿಗೆ ನನ್ನ ನಿದ್ದೆ ಹೋಯಿತು. ವಿಮಾ ಕಚೇರಿಯಲ್ಲಿ ಕ್ಲೈಮು ಫೈಲು ತಿರುವಿ ತಿರುವಿಯೇ ರಿಟೈರಾದವನು ನಾನು. ಆ ಮಾತು ಕೇಳಿದರೆ ಮೊದಲು ನೋಡುವುದು ಯಾವುದು ಕವರ್ ಆಗುವುದಿಲ್ಲ ಎಂದು ಬರೆದಿರುವ ಪುಟವನ್ನು.

ಶೆಡ್ಡು, ಕಂಪ್ರೆಸರು ಸುಟ್ಟರೆ ಫೈರ್ ಪಾಲಿಸಿ ಇದೆ. ಗಿರಾಕಿಯ ಕಾರು ನಿನ್ನ ಕೈಯಲ್ಲಿದ್ದಾಗ ಪೆಟ್ಟಾದರೆ ಅದಕ್ಕೆ ಮೋಟಾರ್ ಟ್ರೇಡ್ ಪಾಲಿಸಿ. ಆದರೆ ನಿನ್ನ ಶೆಡ್ಡಿನ ಸುಟ್ಟ ಎಣ್ಣೆ ಪಕ್ಕದವರ ಬೋರಿಗೆ ಇಳಿದರೆ ಇವೆರಡೂ ಬಾಯಿ ಬಿಡುವುದಿಲ್ಲ. ಅಲ್ಲಿ ಬೇಕಾಗುವುದು ಪಬ್ಲಿಕ್ ಲಯಬಿಲಿಟಿ ಪಾಲಿಸಿ. ಅದನ್ನು ಕೊಂಡರೂ ಸಾಲದು, ಅದರಲ್ಲಿ ಮಾಲಿನ್ಯವನ್ನು ಸಾಮಾನ್ಯವಾಗಿ ಹೊರಗೇ ಇಟ್ಟಿರುತ್ತಾರೆ. ಹೆಚ್ಚಿನ ಪ್ರೀಮಿಯಂ ಕಟ್ಟಿ ಕೇಳಿ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡ ಮೇಲೂ ಅದು ಹಠಾತ್ತಾಗಿ, ಆಕಸ್ಮಿಕವಾಗಿ ಆದದ್ದಕ್ಕೆ ಮಾತ್ರ.

2020ರ ಅಕ್ಟೋಬರ್ 13ರ ರಾತ್ರಿ ನೆನಪಿದೆಯಾ? ನೀನಾಗ ಬೀದರಿನಲ್ಲಿದ್ದೆ. ಇಲ್ಲಿ ಎಲ್.ಬಿ. ನಗರ, ಹಯಾತ್‌ನಗರದ ಕಡೆಯ ಕಾಲೊನಿಗಳು ಮುಳುಗಿ, ನಿಲ್ಲಿಸಿದ್ದ ಕಾರುಗಳು ನೀರಿನಲ್ಲಿ ಹೊರಟುಹೋದವು. ನಿನ್ನ ಶೆಡ್ಡೂ ಅದೇ ದಿಕ್ಕಿನಲ್ಲಿದೆ. ಎಣ್ಣೆ ನೀರಿಗಿಂತ ಹಗುರ. ಮುಚ್ಚಳ ಬಿಗಿಯಿಲ್ಲದ ಡ್ರಮ್ಮು ಅಂಥ ರಾತ್ರಿ ತೇಲಿ, ಮಗುಚಿ, ಹಿಂದಿನ ಮನೆಯ ನೀರಿನ ಸಂಪಿಗೆ ಸುರಿಯಿತು ಅಂತಿಟ್ಟುಕೋ. ಹಠಾತ್ತೂ ಹೌದು, ಆಕಸ್ಮಿಕವೂ ಹೌದು, ಮಾಲಿನ್ಯದ ಕಲಮೂ ಇದೆ. ಆದರೂ ಕ್ಲೈಮು ಬಿದ್ದುಹೋಗಬಹುದು! ಯಾಕೆಂದರೆ ಪ್ರವಾಹ, ಭೂಕಂಪದಿಂದ ಆದದ್ದಕ್ಕೆ 'ಆಕ್ಟ್ ಆಫ್ ಗಾಡ್' ಎಂಬ ಇನ್ನೊಂದು ಕಲಮನ್ನು ಬೇರೆಯಾಗಿ ಸೇರಿಸಬೇಕು. 1908ರ ಮೂಸಿ ಪ್ರವಾಹವಾದ ಮೇಲೆ ವಿಶ್ವೇಶ್ವರಯ್ಯನವರನ್ನು ಕರೆಸಿ ಉಪಾಯ ಕೇಳಿದ ಊರಿದು. ಇಲ್ಲಿ ಗ್ಯಾರೇಜು ಇಟ್ಟವನು ಈ ಎರಡು ಕಲಮುಗಳನ್ನೂ ಜೊತೆಗೇ ಕೇಳಬೇಕು.

ಇನ್ನು ದಿನಾ ತೊಟ್ಟಿಕ್ಕುವ ಎಣ್ಣೆ. ಪಿಟ್ಟಿನ ಬಿರುಕಿಗೆ ಇಳಿಯುವುದು, ಬ್ಯಾಟರಿ ಆ್ಯಸಿಡ್ಡು ಮೋರಿಗೆ ಚೆಲ್ಲುವುದು, ಕೂಲಂಟು ನೆಲದಲ್ಲಿ ನಿಲ್ಲುವುದು.  ನಿಧಾನವಾಗಿ ಆಗುವ ಈ ಮಾಲಿನ್ಯಕ್ಕೆ ನಿನಗೆ ಸಿಗುವಂಥ ಪಾಲಿಸಿಯಲ್ಲಿ ಜಾಗವಿಲ್ಲ. ಹೈದರಾಬಾದಿನ ನೆಲ ಗ್ರಾನೈಟು. ನೀರು ಬಂಡೆಯ ಬಿರುಕುಗಳಲ್ಲಿ ಹರಿಯುತ್ತದೆ. ಇಲ್ಲಿ ಚೆಲ್ಲಿದ್ದು ಯಾವ ಬೋರಿನಲ್ಲಿ ಮೇಲೆ ಬರುತ್ತದೆಂದು ಹೇಳಲಾಗದು. ಪಟಾನ್‌ಚೆರು ನಿನಗೆ ಗೊತ್ತಲ್ಲ, ಬೀದರ್ ಬಸ್ಸು ಹಾದುಹೋಗುವ ಊರು. ಅಲ್ಲಿ ಕಾರ್ಖಾನೆಗಳ ಹೊಲಸು ನಕ್ಕವಾಗು ಹಳ್ಳಕ್ಕೂ ರೈತರ ಬಾವಿಗಳಿಗೂ ಇಳಿದು, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವು ದೊಡ್ಡ ಕಾರ್ಖಾನೆಗಳು, ನಿನ್ನದು ಸಣ್ಣ ಶೆಡ್ಡು, ನಿಜ. ಬಂಡೆಯ ಬಿರುಕಿಗೆ ಆ ಭೇದ ತಿಳಿಯದು.

ಕಾನೂನು ಏನನ್ನುತ್ತದೆ ಅಂತ ಕೇಳುತ್ತೀ. ಭೋಪಾಲ್ ದುರಂತದ ನಂತರ 1991ರಲ್ಲಿ ಬಂದ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ, ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಅಪಾಯಕಾರಿ ವಸ್ತು ಇಟ್ಟುಕೊಂಡವರಿಗೆ ವಿಮೆಯನ್ನು ಕಡ್ಡಾಯ ಮಾಡಿದೆ. ನಿನ್ನಂಥ ಗ್ಯಾರೇಜು ಸಾಮಾನ್ಯವಾಗಿ ಆ ಪ್ರಮಾಣ ಮುಟ್ಟುವುದಿಲ್ಲ. ಅದಕ್ಕೇ ಯಾರೂ ನಿನ್ನ ಬಾಗಿಲಿಗೆ ಬಂದು ಪಾಲಿಸಿ ತೋರಿಸು ಅನ್ನುವುದಿಲ್ಲ. ಹಾಗಂತ ಹೊಣೆ ತಪ್ಪಿತು ಅಂದುಕೊಳ್ಳಬೇಡ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯಲ್ಲಿ, ಅಪಘಾತವಾದಾಗ ನಿನ್ನ ತಪ್ಪಿತ್ತೋ ಇಲ್ಲವೋ ಎಂದು ನೋಡದೆಯೇ ಪರಿಹಾರ ಕೊಡಿಸಬಹುದು.

ಹಳೇ ಆಯಿಲನ್ನು ಕೇಳಿ ಬರುವ ಡಬ್ಬಿಯವನಿಗೆ ಮಾರಬೇಡ, ನಾಲ್ಕು ಕಾಸು ಹೆಚ್ಚು ಕೊಟ್ಟರೂ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಅದು ಪರವಾನಗಿ ಇದ್ದ ರೀಸೈಕ್ಲರ್‌ಗೇ ಹೋಗಬೇಕು, 90 ದಿನಕ್ಕಿಂತ ಹೆಚ್ಚು ಶೆಡ್ಡಿನಲ್ಲಿ ಕೂಡಿಡಬಾರದು. ಬೇಕೆಂದೇ ಕಾನೂನು ಮೀರಿದವನ ಕ್ಲೈಮನ್ನು ಪಾಲಿಸಿಯೇ ತಳ್ಳಿಹಾಕುತ್ತದೆ. ವಿಮಾ ಕಂಪನಿಯ ಸರ್ವೇಯರ್ ಬಂದಾಗ ಮೊದಲು ಕೇಳುವುದು ರೀಸೈಕ್ಲರ್ ಕೊಟ್ಟ ರಸೀದಿಗಳನ್ನೇ. ದಂಡ ಬಿದ್ದರೆ ಅದನ್ನು ಯಾವ ಕಂಪನಿಯೂ ಕಟ್ಟಿಕೊಡುವುದಿಲ್ಲ, ಅದು ನಿನ್ನ ಜೇಬಿನದು.

ಮತ್ತೊಂದು ಮಾತು, ಹೊಸಬರು ಎಡವುವುದು ಇಲ್ಲೇ. ನಮ್ಮಲ್ಲಿ ಈ ಪಬ್ಲಿಕ್ ಲಯಬಿಲಿಟಿ ಪಾಲಿಸಿ ನಡೆಯುವುದು ಅನಾಹುತದ ತಾರೀಖಿನ ಮೇಲಷ್ಟೇ ಅಲ್ಲ, ಪಕ್ಕದವನು ಪರಿಹಾರ ಕೇಳಿದ ತಾರೀಖಿನ ಮೇಲೆ. ಈ ವರ್ಷ ಎಣ್ಣೆ ಚೆಲ್ಲಿ, ಮುಂದಿನ ವರ್ಷ ನೋಟಿಸು ಬಂದು, ನಡುವೆ ನೀನು ರಿನ್ಯೂವಲ್ ತಪ್ಪಿಸಿದ್ದರೆ ಕೈಗೆ ಏನೂ ಬರುವುದಿಲ್ಲ. ವ್ಯಾಪಾರ ಸಪ್ಪೆಯಾದ ವರ್ಷವೂ ಪ್ರೀಮಿಯಂ ನಿಲ್ಲಿಸಬೇಡ. ಒಂದು ಅಪಘಾತಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂಬ ಎರಡು ಮಿತಿಗಳನ್ನೂ ನೋಡಿಕೋ.

ವಿಮೆ ನಿಯಂತ್ರಿಸುವ ಐಆರ್‌ಡಿಎಐ ಕಚೇರಿ ನಮ್ಮೂರ ನಾನಕ್‌ರಾಮ್‌ಗುಡದಲ್ಲೇ ಇದೆ, ವಿಮಾ ಒಂಬುಡ್ಸ್‌ಮನ್ ಲಕ್ಡೀಕಾಪುಲ್‌ನಲ್ಲಿದ್ದಾರೆ. ಆದರೆ ಅವರ ಹತ್ತಿರ ಹೋಗುವುದು ಜಗಳವಾದ ಮೇಲೆ. ಈ ಭಾನುವಾರ ಊಟಕ್ಕೆ ಬಾ, ಏಜೆಂಟ್ ಕೊಟ್ಟ ಪಾಲಿಸಿಯ ಕಾಪಿ ಮರೆಯದೆ ತಾ. ನಾವಿಬ್ಬರೂ ಕೂತು ಓದುವ ತನಕ ಚೆಕ್ಕಿಗೆ ಸಹಿ ಹಾಕಬೇಡ.

ನಿನ್ನ
ಮಾಮಾ