ಟೋಕಿಯೊದಲ್ಲಿ ಮನಸ್ಸಿಗೆ ಹತ್ತಿದ ಬೀದಿಗಳು

ಟೋಕಿಯೊಗೆ ಹೊಸದಾಗಿ ಬಂದ ನಮ್ಮವರು ಸಿಕ್ಕಾಗ ತಪ್ಪದೆ ಕೇಳುತ್ತಾರೆ: "ಅಕ್ಕಾ, ರಜಾದಿನ ಎಲ್ಲಿಗೆ ಹೋಗೋದು?" ಶಿಬುಯ ಕ್ರಾಸಿಂಗ್, ಸ್ಕೈಟ್ರೀ, ಅಸಾಕುಸಾದ ದೇವಾಲಯ ಆಗಲೇ ಅವರ ಪಟ್ಟಿಯಲ್ಲಿರುತ್ತವೆ. ಅವನ್ನೆಲ್ಲ ಒಮ್ಮೆ ನೋಡಲೇಬೇಕು. ಆದರೆ ನೋಡಿ ಬರುವುದೇ ಬೇರೆ, ಹೊತ್ತು ಕಳೆಯುವುದೇ ಬೇರೆ. ಗಡಿಯಾರ ಮರೆತು ಅರ್ಧ ದಿನ ಅಡ್ಡಾಡಿ, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಬರಬೇಕಾದರೆ ಅದಕ್ಕೆ ತಕ್ಕ ಬೀದಿಗಳು ಬೇಕು. ವರ್ಷಗಳಿಂದ ಈ ಊರಲ್ಲಿದ್ದು ನಾನು ಕಲಿತ ದೊಡ್ಡ ಪಾಠವೆಂದರೆ ಅಂಥ ಬೀದಿಗಳು ತಾವಾಗಿ ಉಳಿದುಬಂದಿಲ್ಲ. ಒಂದೊಂದನ್ನೂ ಅಲ್ಲಿನ ಜನ ಹಟ ಹಿಡಿದು ಉಳಿಸಿಕೊಂಡಿದ್ದಾರೆ. ಇದು ಗೊತ್ತಾದ ಮೇಲೆ ನಾನು ಅಲ್ಲಿ ನಡೆದಾಡುವ ರೀತಿಯೇ ಬದಲಾಯಿತು.

ಮೊದಲು ಈ ಊರಿನ ರಚನೆಯ ಬಗ್ಗೆ ಎರಡು ಮಾತು. 1923ರ ಮಹಾ ಭೂಕಂಪದಲ್ಲಿ ಮನೆಮಠ ಕಳೆದುಕೊಂಡವರು ಹಳೆಯ ನಗರ ಬಿಟ್ಟು ಪಶ್ಚಿಮದ ರೈಲುಮಾರ್ಗಗಳ ಉದ್ದಕ್ಕೂ ನೆಲೆಸಿದರು. ಅಲ್ಲಿ ಸ್ಟೇಷನ್ನೇ ಊರಬಾಗಿಲು. ಇಳಿದವರ ಮುಂದೆ ಅಂಗಡಿ ಬೀದಿ, ಅದರಾಚೆ ಮನೆಗಳು. ಇಂಥ ಅಂಗಡಿ ಬೀದಿಗೆ ಇಲ್ಲಿ ಶೋತೆಂಗಾಯ್ ಎನ್ನುತ್ತಾರೆ. ಇಲ್ಲಿ ನಡೆದಾಡುವುದು ಹಿತವಾಗಲು ಇನ್ನೊಂದು ಕಾರಣ 1962ರ ಕಾನೂನು. ಕಾರು ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದೋ ಜಾಗವಿದೆಯೆಂದು ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ತರದೆ ಇಲ್ಲಿ ಕಾರು ಕೊಳ್ಳುವುದು ಕಷ್ಟ. ಹಾಗಾಗಿ ಮನೆ ಮುಂದಿನ ರಸ್ತೆಯಲ್ಲಿ ರಾತ್ರಿಯಿಡೀ ನಿಂತ ಕಾರುಗಳ ಸಾಲು ಕಾಣುವುದಿಲ್ಲ. ಎರಡು ಮಾರು ಅಗಲದ ಬೀದಿಯೂ ಪೂರ್ತಿ ನಡೆಯುವವರ ಪಾಲಿಗೆ ಸಿಗುತ್ತದೆ. ಟೋಕಿಯೊದಲ್ಲಿ ಕಾಲಾಡಿಸುವ ಸುಖದ ಬುಡ ಇಲ್ಲಿದೆ.

ಯಾನಕಾ: ಕೆಡವಬೇಕಿದ್ದ ಮನೆ

ನಾನು ಅತಿ ಹೆಚ್ಚು ಹೋಗುವುದು ಯಾನಕಾಕ್ಕೆ. ನಿಪ್ಪೊರಿ ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಒಂದು ಮೆಟ್ಟಿಲ ಸಾಲು. ಇಳಿದರೆ ಯಾನಕಾ ಗಿನ್ಜಾ ಎಂಬ ಪುಟ್ಟ ಅಂಗಡಿ ಬೀದಿ. ಸುತ್ತಮುತ್ತ ಎಪ್ಪತ್ತರ ಆಸುಪಾಸು ಬೌದ್ಧ ದೇವಾಲಯಗಳಿವೆ. ಜಪಾನನ್ನು ಆಳಿದ ಕಡೆಯ ಶೋಗುನ್ ತೊಕುಗಾವಾ ಯೊಶಿನೊಬುವಿನ ಸಮಾಧಿಯೂ ಇಲ್ಲಿನ ಸ್ಮಶಾನದಲ್ಲೇ ಇದೆ. ಏಪ್ರಿಲ್‌ನಲ್ಲಿ ಆ ಸ್ಮಶಾನದ ದಾರಿಯ ಚೆರ್ರಿ ಮರಗಳ ಕೆಳಗೆ ಮಕ್ಕಳು ಸೈಕಲ್ ಕಲಿಯುವುದನ್ನು ನೋಡುತ್ತಾ ನಾನು ಎಷ್ಟೋ ಹೊತ್ತು ಕೂತಿದ್ದೇನೆ.

ಭೂಕಂಪ, ಯುದ್ಧಕಾಲದ ಬಾಂಬಿನ ಬೆಂಕಿ ಎರಡರಿಂದಲೂ ಯಾನಕಾ ಬಹುಮಟ್ಟಿಗೆ ಪಾರಾಯಿತು. ಅದು ಅದೃಷ್ಟ. ಆಮೇಲಿನದು ಜನರ ಕೆಲಸ. 1984ರಲ್ಲಿ ಮೋರಿ ಮಯುಮಿ ಮತ್ತು ಅವರ ಗೆಳತಿಯರು, ಕಂಕುಳಲ್ಲಿ ಮಕ್ಕಳಿದ್ದ ತಾಯಂದಿರು, ಯಾನಕಾ, ನೆಜು, ಸೆಂದಾಗಿ ಮೂರೂ ಬಡಾವಣೆಗಳ ಹೆಸರು ಕೂಡಿಸಿ 'ಯಾನೆಸೆನ್' ಎಂಬ ಸಣ್ಣ ಪತ್ರಿಕೆ ಶುರುಮಾಡಿದರು. ಊರಿನ ಹಿರಿಯರ ಮಾತು ಕೇಳಿ ಬರೆದುಕೊಂಡರು. 2009ರವರೆಗೆ ಅದನ್ನು ನಡೆಸಿದರು. ಹಳೆಯ ಮನೆ, ಬಾವಿ, ಅಂಗಡಿಗಳಿಗೆ ಬೆಲೆಯಿದೆ ಎಂಬ ಅರಿವು ಊರವರಲ್ಲಿ ಗಟ್ಟಿಯಾದದ್ದರಲ್ಲಿ ಆ ಪತ್ರಿಕೆಯ ಪಾಲು ದೊಡ್ಡದು.

ಅದರ ಫಲವನ್ನು ಕಣ್ಣಾರೆ ನೋಡಬೇಕೆಂದರೆ ಹಾಗಿಸೊಗೆ ಹೋಗಬೇಕು. 1955ರಲ್ಲಿ ಕಟ್ಟಿದ ಮರದ ವಠಾರ ಅದು. ಕಲಾ ವಿದ್ಯಾರ್ಥಿಗಳು ಬಾಡಿಗೆಗಿದ್ದರು. 2011ರ ಭೂಕಂಪದ ಬಳಿಕ ಕೆಡವಲು ತೀರ್ಮಾನವಾಯಿತು. ಬಿಟ್ಟು ಹೋಗುವ ಮುನ್ನ ವಿದ್ಯಾರ್ಥಿಗಳು ಇಡೀ ಮನೆಯನ್ನೇ ಕಲಾಕೃತಿಯಾಗಿಸಿ ಪ್ರದರ್ಶನವಿಟ್ಟರು. ಜನ ಕಿಕ್ಕಿರಿದು ಬಂದರು. ಅದನ್ನು ಕಂಡು ಕೆಡವುವ ಯೋಚನೆ ಬಿಟ್ಟುಹೋಯಿತು. 2013ರಿಂದ ಅಲ್ಲಿ ಕಾಫಿ ಅಂಗಡಿ, ಗ್ಯಾಲರಿ ನಡೆಯುತ್ತಿವೆ. ಮಹಡಿಯ ನೆಲ ತೆಗೆದು ಎತ್ತರ ಮಾಡಿದ ಕೋಣೆಯಲ್ಲಿ ಕಪ್ಪಾದ ತೊಲೆಗಳು ಬರಿದಾಗಿ ಕಾಣುತ್ತವೆ. ನಾನು ಅಲ್ಲಿ ಕಾಫಿ ಹೀರುವಾಗ ಕತ್ತೆತ್ತಿ ಆ ತೊಲೆಗಳನ್ನು ನೋಡುತ್ತೇನೆ. ಸಾವಿರದೈನೂರು ಜನ ಬಂದು ನೋಡಿ ಮೆಚ್ಚಿದರೆ ಒಂದು ಕಟ್ಟಡದ ಹಣೆಬರಹ ಬದಲಾಗಬಹುದು ಎಂಬ ಮಾತು ಅಲ್ಲಿ ಕೂತಾಗ ಉತ್ಪ್ರೇಕ್ಷೆ ಅನಿಸುವುದಿಲ್ಲ.

ಜಿಂಬೋಚೊ: ಉತ್ತರಕ್ಕೆ ಮುಖಮಾಡಿದ ಅಂಗಡಿಗಳು

ಮಳೆ ಬರುವ ದಿನ ನನ್ನ ಕಾಲು ಜಿಂಬೋಚೊ ಕಡೆಗೆ. ನೂರಕ್ಕೂ ಹೆಚ್ಚು ಹಳೆ ಪುಸ್ತಕದಂಗಡಿಗಳು ಒಂದೇ ಕಡೆ ಇವೆ. 1880ರ ದಶಕದಲ್ಲಿ ಸುತ್ತಮುತ್ತ ಕಾನೂನು ಶಾಲೆಗಳು ಎದ್ದವು, ಓದಿ ಮುಗಿಸಿದವರ ಪುಸ್ತಕ ಕೊಂಡು ಹೊಸಬರಿಗೆ ಮಾರುವ ಅಂಗಡಿಗಳು ಅವುಗಳ ನೆರಳಲ್ಲಿ ಬೆಳೆದವು. ಜಪಾನಿನ ಹೆಸರಾಂತ ಪ್ರಕಾಶನ ಇವಾನಾಮಿ ಕೂಡ 1913ರಲ್ಲಿ ಇಲ್ಲಿ ಹಳೆ ಪುಸ್ತಕದಂಗಡಿಯಾಗಿಯೇ ಹುಟ್ಟಿದ್ದು. ಮುಖ್ಯರಸ್ತೆಯಲ್ಲಿ ಬಹುಪಾಲು ಅಂಗಡಿಗಳು ದಕ್ಷಿಣದ ಬದಿಯಲ್ಲೇ ನಿಂತಿವೆ. ಬಾಗಿಲು ಉತ್ತರಕ್ಕಿದ್ದರೆ ಬಿಸಿಲು ಬಿದ್ದು ಪುಸ್ತಕ ಮಾಸುವುದಿಲ್ಲ ಎಂಬ ಲೆಕ್ಕಾಚಾರ ಅದು. ಈ ಬೀದಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಈ ಕಾಳಜಿಯಿಂದ.

ಜಪಾನಿ ಓದಲು ಬಾರದವರಿಗೂ ಇಲ್ಲಿ ಹೊತ್ತು ಹೋಗುತ್ತದೆ. ಹಳೆಯ ನಕ್ಷೆ, ಮರದಚ್ಚಿನ ಚಿತ್ರ, ಸಿನಿಮಾ ಪೋಸ್ಟರುಗಳನ್ನು ತಿರುವಿ ನೋಡಬಹುದು, ಕೈ ಒಣಗಿರಬೇಕು ಅಷ್ಟೆ. ಹಿಂದಿನ ಓಣಿಯಲ್ಲಿ 1955ರಿಂದ ನಡೆಯುತ್ತಿರುವ ಸಬೋರು ಎಂಬ ಹಳೆಯ ಕಾಫಿ ಅಂಗಡಿಯಿದೆ. ಇಲ್ಲಿ ಕರಿ ರೈಸ್ ಹೋಟೆಲುಗಳೂ ಬಹಳ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಚಮಚ ಹಿಡಿದು ಉಣ್ಣಬಹುದಾದ ಊಟವಾದ್ದರಿಂದ ಇಲ್ಲಿ ಅದು ಬೇರೂರಿತು ಎಂದು ಹೇಳುವುದುಂಟು. ಸಸ್ಯಾಹಾರಿಗಳಿಗೆ ಒಂದು ಮಾತು: ತರಕಾರಿ ಕರಿ ಎಂದು ಬರೆದಿದ್ದರೂ ಸಾರಿಗೆ ಮಾಂಸದ ರಸ ಬಿದ್ದಿರಬಹುದು, ಕೇಳಿಯೇ ತಿನ್ನಿ. ಚಳಿಗಾಲದ ಸುಟ್ಟ ಗೆಣಸನ್ನು ಯಾರನ್ನೂ ಕೇಳದೆ ತಿನ್ನಬಹುದು.

ಕೊಯೆಂಜಿ: ಮಜ್ಜನವೂ ಕುಣಿತವೂ

ಚುವೊ ಲೈನಿನ ಕೊಯೆಂಜಿ ಸ್ಟೇಷನ್ ತೆರೆದದ್ದು 1922ರಲ್ಲಿ. ವಾರದ ಕೊನೆಯಲ್ಲಿ ರ‍್ಯಾಪಿಡ್ ರೈಲುಗಳು ಇಲ್ಲಿ ನಿಲ್ಲುವುದಿಲ್ಲ, ಹಳದಿ ಪಟ್ಟಿಯ ಲೋಕಲ್ ಹಿಡಿಯಬೇಕು. ಇದರಿಂದ ನಾನೊಂದು ಸೂತ್ರವನ್ನೇ ಮಾಡಿಕೊಂಡಿದ್ದೇನೆ: ವೇಗದ ರೈಲು ನಿಲ್ಲದ ಸ್ಟೇಷನ್ನಿನಲ್ಲಿ ಇಳಿದರೆ ಅಡ್ಡಾಟ ಚೆನ್ನಾಗಿರುತ್ತದೆ.

ಹಳೆ ಬಟ್ಟೆಯಂಗಡಿ, ಸಂಗೀತದ ಪುಟ್ಟ ನೆಲಮಾಳಿಗೆಗಳನ್ನು ದಾಟಿ ನಾನು ಹೋಗುವುದು ಕೊಸುಗಿಯು ಎಂಬ ಸಾರ್ವಜನಿಕ ಸ್ನಾನದ ಮನೆಗೆ. 1933ರಲ್ಲಿ ಕಟ್ಟಿದ್ದು, ಹೊರಗಿನಿಂದ ದೇವಾಲಯದಂಥ ಮಾಡು. ಟೋಕಿಯೊದ ಇಂಥ ಸ್ನಾನಗೃಹಗಳಿಗೆಲ್ಲ ಸರ್ಕಾರವೇ ದರ ಗೊತ್ತುಮಾಡುತ್ತದೆ. 2024ರ ಆಗಸ್ಟ್‌ನಿಂದ ದೊಡ್ಡವರಿಗೆ 550 ಯೆನ್. ಚಪ್ಪಲಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಹೆಂಗಸರ ಭಾಗಕ್ಕೆ ಹೋಗಿ, ಪುಟ್ಟ ಮಣೆಯ ಮೇಲೆ ಕೂತು ಮೈ ಚೆನ್ನಾಗಿ ಉಜ್ಜಿ ತೊಳೆದ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಗೋಡೆಯ ಮೇಲೆ ಫ್ಯೂಜಿ ಪರ್ವತ. ಹಾಲಿನ ಬಣ್ಣದ ಬೆಚ್ಚನೆಯ ನೀರಿನ ತೊಟ್ಟಿಯೊಂದು, ಕುದಿಬಿಸಿ ಅನ್ನಿಸುವಂಥದ್ದೊಂದು, ಮೈ ಕೊರೆಯುವ ತಣ್ಣೀರಿನದೊಂದು. ಬಿಸಿಯಲ್ಲಿ ಮುಳುಗಿ ತಣ್ಣೀರಿಗೆ ಇಳಿಯುವುದೇ ಇಲ್ಲಿನ ವಿಶೇಷ. ನಾನು ತಣ್ಣೀರಿನ ಅಂಚಿನಲ್ಲಿ ಅನುಮಾನಿಸುತ್ತಾ ನಿಂತಿದ್ದಾಗ ಒಬ್ಬ ಅಜ್ಜಿ ಕೈಯಿಂದ ನೀರು ಮೊಗೆದು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಕಡೆಗೆ ಎದೆಗೆ ಹಾಕಿಕೊಂಡು ತೋರಿಸಿದರು. ಹಾಗೇ ಮಾಡಿದೆ, ಇಳಿದೆ. ಈಗಲೂ ಅದೇ ಕ್ರಮ.

ಮನೆಮನೆಯಲ್ಲೂ ಬಚ್ಚಲು ಬಂದ ಮೇಲೆ ಇಂಥ ಸ್ನಾನಗೃಹಗಳು ಊರೆಲ್ಲ ಮುಚ್ಚುತ್ತಾ ಬಂದಿವೆ. ಇದು ಉಳಿದಿದೆ, ಸರ್ಕಾರದ ಸಾಂಸ್ಕೃತಿಕ ಆಸ್ತಿಗಳ ಪಟ್ಟಿಗೂ ಸೇರಿದೆ. ಕೊಯೆಂಜಿಯ ಬೀದಿ ಕುಣಿತವೂ ಹೀಗೆ ಜನರ ಹಟದಿಂದಲೇ ಬಂದದ್ದು. ಪಕ್ಕದ ಅಸಗಾಯದ ವ್ಯಾಪಾರಿಗಳು 1954ರಲ್ಲಿ ತಾನಾಬಾತಾ ಹಬ್ಬ ಶುರುಮಾಡಿದ್ದರು. ಇಲ್ಲಿನ ಅಂಗಡಿಗಳ ಹುಡುಗರು ತಮಗೂ ಒಂದು ಹಬ್ಬ ಬೇಕೆಂದು 1957ರಲ್ಲಿ ಶಿಕೊಕು ದ್ವೀಪದ ಅವಾ ಒದೊರಿ ಕುಣಿತವನ್ನು ತಂದರು. ಈಗ ಆಗಸ್ಟ್ ಕೊನೆಯ ಶನಿವಾರ, ಭಾನುವಾರ ಸುಮಾರು 10,000 ಮಂದಿ ಇಲ್ಲಿ ಬೀದಿಗಿಳಿದು ಕುಣಿಯುತ್ತಾರೆ. ನನಗೆ ಹಬ್ಬಕ್ಕಿಂತ ಅದಕ್ಕೆ ಮುಂಚಿನ ವಾರಗಳು ಇಷ್ಟ. ಸಂಜೆ ಹೊತ್ತು ಅಲ್ಲಲ್ಲಿ ತಂಡಗಳು ಅಭ್ಯಾಸ ಮಾಡುತ್ತಿರುತ್ತವೆ, ನಿಂತು ನೋಡಿದರೆ ಯಾರೂ ಬೇಡವೆನ್ನುವುದಿಲ್ಲ.

ಶಿಮೊಕಿತಾಜಾವಾ: ಹಳಿಯ ಮೇಲಿನ ಊರು

ನಾಟಕ ಪ್ರಿಯರಿಗೆ ಈ ಹೆಸರು ಹೊಸದಲ್ಲ. 1982ರಲ್ಲಿ ಹೋಂಡಾ ಥಿಯೇಟರ್ ತೆರೆದ ಮೇಲೆ ಇದು ಸಣ್ಣ ರಂಗಮಂದಿರಗಳ ಊರಾಯಿತು. ಇಲ್ಲಿನ ಸೊಬಗು ಎಂದರೆ ಅಡ್ಡಾದಿಡ್ಡಿ ಓಣಿಗಳು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಗೊತ್ತುಮಾಡಿದ ಅಗಲರಸ್ತೆಯ ಯೋಜನೆ 2003ರಲ್ಲಿ ಮತ್ತೆ ಜೀವ ಪಡೆಯಿತು. ಅಗಲ 26 ಮೀಟರ್. ಆದರೆ ಓಣಿಗಳ ಊರು ನಡುವೆ ಸೀಳಿಹೋಗುತ್ತದೆ ಎಂದು ನಿವಾಸಿಗಳು, ಅಂಗಡಿಯವರು, ಸಂಗೀತಗಾರರು ಒಂದಾಗಿ ಹೋರಾಡಿದರು, ಕೋರ್ಟ್ ಮೆಟ್ಟಿಲನ್ನೂ ಹತ್ತಿದರು.

ಈ ನಡುವೆ, 2013ರ ಮಾರ್ಚ್‌ನಲ್ಲಿ, ಇಲ್ಲಿ ಹಾದುಹೋಗುವ ಒದಾಕ್ಯು ರೈಲು ನೆಲದಡಿಗೆ ಇಳಿಯಿತು. ಮೇಲೆ ಸುಮಾರು 1.7 ಕಿಲೋಮೀಟರ್ ಉದ್ದದ ಜಾಗ ಖಾಲಿಯಾಯಿತು. ಅಲ್ಲಿ ಗಗನಚುಂಬಿ ಎದ್ದೀತೆಂದು ಹೆದರಿದವರಿದ್ದರು. ಎದ್ದದ್ದು ತಗ್ಗು ಮನೆಗಳು, ನಡೆದಾಡುವ ದಾರಿ, ಗಿಡಗಂಟಿ. 2020ರಲ್ಲಿ ತೆರೆದ ಬೋನಸ್ ಟ್ರ್ಯಾಕ್‌ನಲ್ಲಿ ಕೆಳಗೆ ಅಂಗಡಿ, ಮೇಲೆ ಅಂಗಡಿಯವರ ಮನೆ. ಎಳೆಯರೂ ಅಂಗಡಿ ಇಡಲಾಗಲಿ ಎಂದು ಮಳಿಗೆಗಳನ್ನೇ ಚಿಕ್ಕದಾಗಿ ಕಟ್ಟಿದ್ದಾರೆ. ಹಾದಿಬದಿಯ ಗಿಡಗಳ ಆರೈಕೆ ಊರವರದೇ ಒಂದು ತೋಟಗಾರಿಕೆ ಬಳಗದ ಕೈಯಲ್ಲಿದೆ. ಅಲ್ಲಿನ ಬೆಂಚಿನ ಮೇಲೆ ಹಾಯಾಗಿ ಕೂರಬಹುದು. ಕೂರಲು ಕಾಸು ಕೇಳದ ಜಾಗ ಟೋಕಿಯೊದಲ್ಲಿ ಅಪರೂಪ.

ಕಿಚಿಜೋಜಿ: ಸರಸ್ವತಿಯ ಕೊಳ

ಮಕ್ಕಳಿದ್ದರೆ ಕಿಚಿಜೋಜಿಯ ಇನೊಕಾಶಿರಾ ಪಾರ್ಕ್. 1917ರಲ್ಲಿ ಸಾರ್ವಜನಿಕರಿಗೆ ತೆರೆದದ್ದು. ಇಲ್ಲಿನ ಕೊಳ ಒಂದು ಕಾಲಕ್ಕೆ ಎದೊ ನಗರಕ್ಕೆ, ಅಂದರೆ ಹಳೆಯ ಟೋಕಿಯೊಗೆ, ಕುಡಿಯುವ ನೀರು ಕೊಟ್ಟಿತ್ತು. ಅದರ ನಡುಗಡ್ಡೆಯಲ್ಲಿ ಬೆಂಜೈತೆನ್ ಗುಡಿ. ಬೌದ್ಧಧರ್ಮದ ಜೊತೆ ಚೀನಾ ದಾಟಿ ಬಂದ ನಮ್ಮ ಸರಸ್ವತಿಯೇ ಈಕೆ, ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಇದೆ. ಊರಿಂದ ಬಂದ ಹಿರಿಯರನ್ನು ಇಲ್ಲಿಗೆ ಕರೆತಂದು ಇದನ್ನು ಹೇಳಿದರೆ ಅವರ ಕೈ ತಾನಾಗಿ ಮುಗಿಯುತ್ತದೆ.

ನೀರು ಕೆಟ್ಟು ಹಸಿರಾಗಿದ್ದ ಕೊಳವನ್ನು 2014ರಿಂದ ಕೆಲವು ಚಳಿಗಾಲಗಳಲ್ಲಿ ಬರಿದುಮಾಡಿ ಕೆಸರು ಒಣಗಿಸಿದರು. ಸ್ವಯಂಸೇವಕರು ಕೆಸರಿಗಿಳಿದು ಹೊರಗಿನ ತಳಿಯ ಮೀನುಗಳನ್ನು ಹಿಡಿದರು, ಯಾರೋ ಎಸೆದ ಸೈಕಲ್‌ಗಳನ್ನು ರಾಶಿರಾಶಿ ಎತ್ತಿದರು. 2016ರಲ್ಲಿ, ದಶಕಗಳ ಹಿಂದೆಯೇ ಕಣ್ಮರೆಯಾಗಿದ್ದ ಇಲ್ಲಿನದೇ ನೀರುಸಸ್ಯವೊಂದು ಮತ್ತೆ ಚಿಗುರಿತು. ಅದರ ಬೀಜಕಗಳು ಕೆಸರಿನಲ್ಲೇ ಕಾದಿದ್ದವು.

ಕಲಿತದ್ದು

ನಾನಿರುವುದು ಪೂರ್ವದ ನಿಶಿ ಕಸಾಯ್‌ನಲ್ಲಿ. 2000ದ ಸುಮಾರಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದ ಭಾರತೀಯರು ನೆಲೆಸಿದ ಬಡಾವಣೆ. ಸಂಜೆಯ ಪಾರ್ಕಿನಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ಹೊಸಬರಿಗೆ ನಾನು ಹೇಳುವುದು ಇಷ್ಟು. ಒಂದೇ ದಿನ ನಾಲ್ಕು ಕಡೆ ಓಡಬೇಡಿ. ಒಂದನ್ನು ಆರಿಸಿಕೊಂಡು ಅಲ್ಲಿಗೇ ಮತ್ತೆ ಮತ್ತೆ ಹೋಗಿ, ಅಂಗಡಿಯವರಿಗೆ ನಿಮ್ಮ ಮುಖ ಗೊತ್ತಾಗಲಿ. ಕೊಂಡ ತಿಂಡಿಯನ್ನು ಆ ಅಂಗಡಿಯ ಮುಂದೆಯೇ ನಿಂತು ತಿಂದು ಕಾಗದ ಅವರಿಗೇ ಕೊಡಿ, ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದು ಕಷ್ಟ. ಕಾಫಿ ಅಂಗಡಿಯಲ್ಲಿ ಕೂತವರು ತಲೆಗೊಂದಾದರೂ ಏನಾದರೂ ತರಿಸಿ. ಓಣಿಯ ಎರಡೂ ಬದಿಯ ಬಾಗಿಲುಗಳ ಹಿಂದೆ ಸಂಸಾರಗಳಿವೆ, ದನಿ ತಗ್ಗಿಸಿ, ಅವರ ಅಂಗಳಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಇವೆಲ್ಲ ಬರಿಯ ಶಿಸ್ತಿನ ಮಾತಾಗಿ ಕೇಳಿಸಬಹುದು. ಆದರೆ ಪತ್ರಿಕೆ ನಡೆಸಿದ ತಾಯಂದಿರು, ಕೋರ್ಟಿಗೆ ಹೋದ ಅಂಗಡಿಯವರು, ಕೆಸರಿಗಿಳಿದ ಸ್ವಯಂಸೇವಕರು ಈ ಬೀದಿಗಳನ್ನು ಉಳಿಸಿದ್ದು ಬೀದಿಯೆಂದರೆ ಜನ ನಿಂತು ಮಾತಾಡುವ ಜಾಗವೂ ಹೌದೆಂದು ನಂಬಿ. ಅಲ್ಲಿ ಅಡ್ಡಾಡುವ ನಾವು ಒಂದು ಕಪ್ ಕಾಫಿಯಿಂದ, ಒಂದು ಹಳೆ ಪುಸ್ತಕದಿಂದ, 550 ಯೆನ್‌ನ ಒಂದು ಸ್ನಾನದಿಂದ ಆ ನಂಬಿಕೆಗೆ ಒತ್ತಾಸೆಯಾಗಬಹುದು. ಹೊರಗಿನಿಂದ ಬಂದವರು ಈ ಊರಿಗೆ ಸೇರಿಕೊಳ್ಳಲು ಇದಕ್ಕಿಂತ ಸಲೀಸಾದ ದಾರಿ ನನಗೆ ಕಂಡಿಲ್ಲ.