ಮೂಕವಾದ ರೇಡಿಯೋ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಇವು ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಹಾನಗಲ್ಲಿನ ತಾರಕೇಶ್ವರ ದೇವಾಲಯ, ಸವಣೂರಿನ ದೊಡ್ಡಹುಣಸೆಯ ಬೃಹತ್ ಮರಗಳು, ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ, ಹಿರೇಕೆರೂರು ತಾಲ್ಲೂಕಿನ ಅಬಲೂರು ಮೊದಲಾದವುಗಳನ್ನು ನೋಡಬಂದವರನ್ನು ಹೊತ್ತು ಬಾಡಿಗೆ ಕಾರುಗಳು ಈ ಊರುಗಳ ನಡುವೆ ಓಡಾಡುತ್ತವೆ. ಅಲ್ಲಿ ನುಣುಪಾದ ಡಾಂಬರು ರಸ್ತೆಯೂ ಉಂಟು, ಧೂಳು ತುಂಬಿದ ಕುಲುಕಾಟದ ದಾರಿಯೂ ಉಂಟು. ದೂರದ ಪ್ರಯಾಣದಲ್ಲಿ ಚಾಲಕನಿಗೆ ರೇಡಿಯೋ ಒಳ್ಳೆಯ ಜೊತೆಗಾರ.

ಅಂತಹ ಒಬ್ಬ ಚಾಲಕನನ್ನು ಕಲ್ಪಿಸಿಕೊಳ್ಳಬಹುದು. ಅವನ ಹಳೆಯ ಕಾರಿನ ರೇಡಿಯೋ ಡಾಂಬರು ರಸ್ತೆಯಲ್ಲಿ ಚೆನ್ನಾಗಿ ಹಾಡುತ್ತಿತ್ತು. ಕಚ್ಚಾ ರಸ್ತೆಗೆ ಇಳಿದೊಡನೆ ಮೂಕವಾಗುತ್ತಿತ್ತು. ಗುಂಡಿಗಳಿರುವ ಮುಂಭಾಗವನ್ನು ಅಂಗೈಯಿಂದ ತಟ್ಟಿದರೆ ದನಿ ಮರಳುತ್ತಿತ್ತು. ತಟ್ಟುವುದೇ ಅವನಿಗೆ ರೂಢಿಯಾಯಿತು. ಒಂದು ಸಂಜೆ ಹಾಗೆ ತಟ್ಟುವಾಗ ಕಣ್ಣು ದಾರಿಯಿಂದ ಸರಿಯಿತು. ಎದುರಿನಿಂದ ಬಂದ ಎತ್ತಿನ ಗಾಡಿ ಕೂದಲೆಳೆಯ ಅಂತರದಲ್ಲಿ ತಪ್ಪಿತು. ಬೆದರಿದ ಅವನು ಮರುದಿನವೇ ಸ್ಪೀಕರು ಕೆಟ್ಟಿರಬೇಕೆಂದು ಊಹಿಸಿ ಹೊಸದನ್ನು ತಂದು ಹಾಕಿದನು. ಒಂದು ದಿನದ ದುಡಿಮೆ ಕೈಬಿಟ್ಟಿತು. ರೇಡಿಯೋ ಮಾತ್ರ ಮೊದಲಿನಂತೆಯೇ ಉಳಿಯಿತು.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವನ ಮಗಳು ಕೇಳಿದಳು: “ಅಪ್ಪಾ, ಸ್ಪೀಕರು ಇರುವುದು ಬಾಗಿಲಿನಲ್ಲಿ, ನೀನು ತಟ್ಟುವುದು ಗುಂಡಿಗಳ ಮೇಲೆ. ಕೆಟ್ಟದ್ದು ಸ್ಪೀಕರಾದರೆ ಇಲ್ಲಿ ತಟ್ಟಿದಾಗ ಅದು ಹಾಡುವುದು ಹೇಗೆ?”

ಈ ಪ್ರಶ್ನೆಯಿಂದ ಊಹೆ ಹಿಂದೆ ಸರಿದು ವಿಚಾರ ಮುಂದೆ ಬಂದಿತು. ತಟ್ಟಿದರೆ ಸರಿಹೋಗುವ ದೋಷವು ಹೆಚ್ಚಾಗಿ ಸಡಿಲವಾದ ಜೋಡಣೆಯ ದೋಷ. ಅದು ತಟ್ಟಿದ ಜಾಗದ ಆಸುಪಾಸಿನಲ್ಲಿಯೇ ಇರುವ ಸಂಭವ ಹೆಚ್ಚು.

ಕಾರಿನಲ್ಲಿ ರೇಡಿಯೋ ಬಂದುದು ಇತ್ತೀಚಿನ ಮಾತಲ್ಲ. 1930ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ಅವರ ಸಂಸ್ಥೆ ‘ಮೋಟರೋಲಾ’ ಎಂಬ ಹೆಸರಿನ ಕಾರು ರೇಡಿಯೋವನ್ನು ಮಾರಾಟಕ್ಕೆ ತಂದಿತು. ನಮ್ಮ ನಾಡಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ಆರಂಭಿಸಿದರು. ಧಾರವಾಡದ ನಿಲಯ 1950ರ ಜನವರಿ 8ರಂದು ಪ್ರಾರಂಭವಾಯಿತು. ಅಂದಿನ ರೇಡಿಯೋಗಳಲ್ಲಿ ಗಾಜಿನ ವಾಲ್ವುಗಳಿದ್ದವು. 1947ರಲ್ಲಿ ಟ್ರಾನ್ಸಿಸ್ಟರು ಆವಿಷ್ಕಾರವಾದ ಮೇಲೆ ಕ್ರಮೇಣ ಯಂತ್ರದ ಗಾತ್ರ ಕುಗ್ಗಿತು.

ಗಾತ್ರ ಕುಗ್ಗಲು ಮತ್ತೊಂದು ಕಾರಣ ಮಂಡಲ ಫಲಕ. ಮೊದಲು ಬಿಡಿಭಾಗಗಳನ್ನು ಒಂದೊಂದಾಗಿ ತಂತಿಯಿಂದ ಕೂಡಿಸುತ್ತಿದ್ದರು. 1936ರ ಸುಮಾರಿಗೆ ಪಾಲ್ ಐಸ್ಲರ್ ಎಂಬ ಎಂಜಿನಿಯರು ಲಂಡನ್ನಿನಲ್ಲಿ ತಂತಿಗಳಿಗೆ ಬದಲಾಗಿ ತಾಮ್ರದ ತೆಳು ಪಟ್ಟಿಗಳನ್ನು ಹಲಗೆಯ ಮೇಲೆ ಮೂಡಿಸಿ ರೇಡಿಯೋ ಮಾಡಿದರು. ಇಂದಿನ ಫಲಕದಲ್ಲಿ ಈ ಪಟ್ಟಿಗಳೇ ವಿದ್ಯುತ್ತಿನ ದಾರಿಗಳು. ಬಿಡಿಭಾಗಗಳ ಕಾಲುಗಳನ್ನು ಅವುಗಳಿಗೆ ಬೆಸುಗೆ ಹಾಕಿರುತ್ತಾರೆ. ಗುಂಡಿಗಳ ಹಿಂದಿರುವ ನಿಯಂತ್ರಣ ಫಲಕವು ಬೆರಳಿನ ಆಜ್ಞೆಯನ್ನು ರೇಡಿಯೋದ ಒಳಭಾಗಕ್ಕೆ ಮುಟ್ಟಿಸುತ್ತದೆ.

ಈ ಬೆಸುಗೆ ಸಡಿಲುವುದೇಕೆ? ಬಿಸಿಲಿನಲ್ಲಿ ನಿಂತ ಕಾರಿನ ಒಳಭಾಗ ಕಾದು ರಾತ್ರಿ ತಣಿಯುತ್ತದೆ. ಕಾದಾಗ ಹಿಗ್ಗುವುದು, ತಣಿದಾಗ ಕುಗ್ಗುವುದು ವಸ್ತುಗಳ ಗುಣ. ಆದರೆ ಲೋಹವೂ ಹಲಗೆಯೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಈ ಎಳೆದಾಟದ ಜೊತೆಗೆ ರಸ್ತೆಯ ಕುಲುಕಾಟವೂ ಗುಂಡಿಯನ್ನು ತಿರುಗಿಸುವ ಕೈಯ ಒತ್ತಡವೂ ಸೇರಿದರೆ, ವರ್ಷಗಳು ಕಳೆದಂತೆ ಕಾಲಿನ ಸುತ್ತ ಉಂಗುರದಂತಹ ಸೂಕ್ಷ್ಮ ಬಿರುಕು ಮೂಡುತ್ತದೆ. ಕುಲುಕಿದಾಗ ಬಿರುಕು ಅಗಲುತ್ತದೆ, ವಿದ್ಯುತ್ತು ನಿಲ್ಲುತ್ತದೆ. ತಟ್ಟಿದಾಗ ಅಂಚುಗಳು ಕೂಡುತ್ತವೆ, ದನಿ ಬರುತ್ತದೆ.

ಚಾಲಕನು ಬಾಲ್ಯದಲ್ಲಿ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಬೆಸುಗೆಯ ಕೆಲಸ ಕಲಿತಿದ್ದನು. ಅವನು ಮೊದಲು ಸುಲಭವಾದುದನ್ನು ಪರೀಕ್ಷಿಸಿದನು. ಫ್ಯೂಸು ಸರಿಯಾಗಿತ್ತು, ಬ್ಯಾಟರಿಯಲ್ಲಿ 12 ವೋಲ್ಟಿಗಿಂತ ತುಸು ಹೆಚ್ಚೇ ಇತ್ತು, ತಂತಿಗಳು ಬಿಗಿಯಾಗಿದ್ದವು. ಬಳಿಕ ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚಿದನು. ಕೆಲವು ರೇಡಿಯೋಗಳು ಬ್ಯಾಟರಿ ಕಳಚಿದ ಮೇಲೆ ಗುಪ್ತ ಸಂಖ್ಯೆಯನ್ನು ಕೇಳುವುದರಿಂದ ಅದನ್ನು ಮೊದಲೇ ಬರೆದಿಟ್ಟುಕೊಂಡಿದ್ದನು.

ಫಲಕವನ್ನು ಹೊರತೆಗೆದು ಮೃದುವಾದ ಬ್ರಷ್ಷಿನಿಂದ ಧೂಳು ಒರಸಿದರು. ಮಗಳು ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಬೆಸುಗೆಗಳನ್ನು ಒಂದೊಂದಾಗಿ ನೋಡಿದಳು. ದನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯ ಒಂದು ಕಾಲಿನ ಸುತ್ತ ಕಪ್ಪು ಗೆರೆ ಕಂಡಿತು. ಕಂಡದ್ದು ಸಾಲದು, ಸಿದ್ಧವಾಗಬೇಕು. ತಂದೆಯು ಮಲ್ಟಿಮೀಟರಿನ ಒಂದು ತುದಿಯನ್ನು ಆ ಕಾಲಿಗೂ ಇನ್ನೊಂದನ್ನು ತಾಮ್ರದ ಪಟ್ಟಿಗೂ ಮುಟ್ಟಿಸಿದನು. ಮುಳ್ಳು ಚಲಿಸಿತು. ಗುಂಡಿಯನ್ನು ಅಲುಗಿಸಿದೊಡನೆ ಹಿಂದಕ್ಕೆ ಬಿದ್ದಿತು. ದೋಷ ಸಿಕ್ಕಿತು.

ಬೆಸುಗೆಗೆ ಬಳಸುವ ಲೋಹ ತವರ ಮತ್ತು ಸೀಸಗಳ ಮಿಶ್ರಣ. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಬೆರೆತಾಗ ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರೊಡನಿರುವ ರಾಳವು ಲೋಹದ ಮೇಲಿನ ಕಿಲುಬಿನ ಪೊರೆಯನ್ನು ತೆಗೆಯುತ್ತದೆ. ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಕಾಲಿಗೂ ಪಟ್ಟಿಗೂ ಒಟ್ಟಿಗೆ ತಾಗಿಸಿ, ಆ ಬಳಿಕ ಲೋಹವನ್ನು ಊಡಬೇಕು. ಎರಡು ಮೂರು ಸೆಕೆಂಡುಗಳು ಸಾಕು. ಹೆಚ್ಚು ಕಾಯಿಸಿದರೆ ತಾಮ್ರದ ಪಟ್ಟಿ ಹಲಗೆಯಿಂದ ಎದ್ದುಬಿಡುತ್ತದೆ. ಲೋಹ ಗಟ್ಟಿಯಾಗುವವರೆಗೆ ಅಲುಗಿಸಬಾರದು. ಹೊಸ ಬೆಸುಗೆ ಹೊಳೆಯುತ್ತಾ ನಿಂತಿತು. ಮರುದಿನ ಕಚ್ಚಾ ರಸ್ತೆಯಲ್ಲಿಯೂ ರೇಡಿಯೋ ಹಾಡಿತು. ಚಾಲಕನ ಎರಡೂ ಕೈಗಳು ಸ್ಟೀರಿಂಗಿನ ಮೇಲೆಯೇ ಇದ್ದವು.

ಇಂತಹ ಕೆಲಸದಲ್ಲಿ ಎಚ್ಚರ ಅಗತ್ಯ. ಸೀಸ ವಿಷಕಾರಿಯಾದುದರಿಂದ ಗಾಳಿಯಾಡುವ ಕಡೆ ಕುಳಿತು ಕೆಲಸ ಮಾಡಿ, ಬಳಿಕ ಕೈ ತೊಳೆಯಬೇಕು. ಫ್ಯೂಸು ಪದೇ ಪದೇ ಸುಟ್ಟರೆ ಅದಕ್ಕಿಂತ ಹೆಚ್ಚಿನ ಆಂಪೇರಿನದನ್ನು ಹಾಕುವುದು ಬೆಂಕಿಯನ್ನು ಕರೆದಂತೆ. ಅಪಘಾತದಲ್ಲಿ ಪ್ರಾಣ ಕಾಯುವ ಏರ್‌ಬ್ಯಾಗು ಸ್ಟೀರಿಂಗ್ ಚಕ್ರದೊಳಗೆ ಅಡಗಿರುವುದರಿಂದ, ಅಲ್ಲಿನ ಗುಂಡಿಗಳನ್ನು ತರಬೇತಿ ಪಡೆದವರೇ ಬಿಚ್ಚಬೇಕು. ಸೂಕ್ಷ್ಮ ಚಿಪ್ಪು ಸುಟ್ಟಿದ್ದರೆ ಮನೆಯಲ್ಲಿ ಮಾಡುವುದು ಏನೂ ಇಲ್ಲ. ಯಾವುದು ತನ್ನಿಂದಾಗದು ಎಂಬುದನ್ನು ಅರಿಯುವುದೂ ವಿದ್ಯೆಯೇ.

ರೇಡಿಯೋವನ್ನು ಸರಿಪಡಿಸಿದ್ದು ಸಾಸಿವೆ ಕಾಳಿನಷ್ಟು ಬೆಸುಗೆ. ಆ ಸಾಸಿವೆಯ ಜಾಗವನ್ನು ತೋರಿಸಿದ್ದು ಮಗಳ ಪ್ರಶ್ನೆ. ಹೊಸ ಸ್ಪೀಕರಿಗೆ ಹಣ ಕೊಡುವ ಮೊದಲೇ ಅದು ಕೇಳಿಬಂದಿದ್ದರೆ ಒಂದು ದಿನದ ದುಡಿಮೆಯೂ ಉಳಿಯುತ್ತಿತ್ತು.

ಪದಗಳ ಅರ್ಥ

ಮಂಡಲ ಫಲಕ – ವಿದ್ಯುತ್ತು ಹರಿಯುವ ದಾರಿಗಳನ್ನು ಮೂಡಿಸಿದ ಹಲಗೆ
ರಾಳ – ಮರದ ಅಂಟಿನಿಂದ ದೊರೆಯುವ ವಸ್ತು
ಭೂತಗನ್ನಡಿ – ವಸ್ತುವನ್ನು ದೊಡ್ಡದಾಗಿ ತೋರಿಸುವ ಗಾಜು

ಅಭ್ಯಾಸ

1. ಸ್ಪೀಕರು ಕೆಟ್ಟಿಲ್ಲವೆಂದು ಮಗಳು ಹೇಗೆ ತರ್ಕಿಸಿದಳು?
2. ಫಲಕದ ಬೆಸುಗೆಯಲ್ಲಿ ಬಿರುಕು ಮೂಡಲು ಕಾರಣಗಳಾವುವು?
3. ‘ಕಂಡದ್ದು ಸಾಲದು, ಸಿದ್ಧವಾಗಬೇಕು’ – ಈ ಮಾತನ್ನು ವಿವರಿಸಿರಿ.
4. ನಿಮ್ಮ ಮನೆಯಲ್ಲಿ ಕೆಟ್ಟ ಒಂದು ವಸ್ತುವಿನ ಲಕ್ಷಣಗಳನ್ನು ಗಮನಿಸಿ, ದೋಷವೆಲ್ಲಿರಬಹುದೆಂದು ಕಾರಣಸಹಿತ ಬರೆಯಿರಿ.