ಎಲೆ ಉದುರಿದ ಮರವನ್ನು ಗುರುತಿಸಬೇಕೆ?

ಚಳಿಗಾಲ ಮುಗಿಯುವ ಹೊತ್ತಿಗೆ ಬಂಡೀಪುರ, ನಾಗರಹೊಳೆಯ ಕಡೆ ಹೋದರೆ ಅರ್ಧ ಕಾಡು ಬೋಳಾಗಿರುತ್ತದೆ. ಎಲೆಯಿಲ್ಲ, ಇನ್ನೇನು ಗುರುತು ಹಿಡಿಯುವುದು ಎಂದು ಸುಮ್ಮನಾಗಬೇಡಿ. ಮರದ ಮೈಯನ್ನು ಸಾವಕಾಶವಾಗಿ ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮೊದಲು ತೊಗಟೆ ನೋಡಿ. ಮತ್ತಿ ಮರದ ಕಪ್ಪು ತೊಗಟೆ ಚೌಕ ಚೌಕವಾಗಿ ಆಳಕ್ಕೆ ಬಿರಿದು ಮೊಸಳೆಯ ಬೆನ್ನಿನಂತಿರುತ್ತದೆ. ಒಮ್ಮೆ ಕಂಡರೆ ಮರೆಯುವುದಿಲ್ಲ. ಅನುಮಾನವಿದ್ದರೆ ಬುಡದಲ್ಲಿ ಬಿದ್ದ ಎಲೆಯನ್ನು ಮಗುಚಿ, ತೊಟ್ಟಿನ ಹತ್ತಿರ ಹುಡುಕಿ: ಸಾಮಾನ್ಯವಾಗಿ ಎರಡು ಪುಟ್ಟ ಗಂಟುಗಳು ಸಿಗುತ್ತವೆ. ಪಕ್ಕದ ನಂದಿ ಮರ ತದ್ವಿರುದ್ಧ. ಮೈ ನುಣುಪು, ಬಣ್ಣ ತಿಳಿ, ತೊಗಟೆ ತೆಳ್ಳಗೆ ಸುಲಿದು ಬರುತ್ತದೆ. ಬೂರುಗದ ಎಳೆಯ ಕಾಂಡದ ತುಂಬ ದಪ್ಪ ಮುಳ್ಳು. ಆದರೆ ಹಳೆಯ ಮರದ ಬುಡದಲ್ಲಿ ಮುಳ್ಳು ಉದುರಿರಬಹುದು, ಆದ್ದರಿಂದ ಮೇಲಿನ ಕೊಂಬೆಗಳನ್ನೂ ನೋಡಿ.

ಆಮೇಲೆ ಉಳಿದ ಕಾಯಿ. ಹೊನ್ನೆಯದು ಚಪ್ಪಟೆ, ದುಂಡಗೆ, ಸುತ್ತ ತೆಳು ರೆಕ್ಕೆ. ಕಕ್ಕೆಯದು ಉದ್ದನೆಯ ಕಪ್ಪು ಕೋಲು. ತೇಗದ ತುದಿಯಲ್ಲಿ ಉಬ್ಬಿದ ಒಣ ಸಿಪ್ಪೆಯೊಳಗೆ ಕಾಯಿ ಅಡಗಿರುತ್ತದೆ. ಅದರ ಎಳೆಯ ರೆಂಬೆ ಚೌಕಾಕಾರ, ಎಲೆ ಬಿದ್ದ ಗುರುತುಗಳು ಎದುರುಬದುರು. ಪೊದೆಗಳಲ್ಲಿ ಕಾರೆಗಿಡದ ಮುಳ್ಳುಗಳೂ ಹಾಗೆಯೇ ಜೋಡಿಜೋಡಿ.

ಬುಡದ ತರಗೆಲೆಯನ್ನು ಮಾತ್ರ ಕುರುಡಾಗಿ ನಂಬಬೇಡಿ, ಗಾಳಿ ಪಕ್ಕದ ಮರದ್ದನ್ನೂ ತಂದು ಹಾಕಿರುತ್ತದೆ. ಗುರುತಿಗೆಂದು ತೊಗಟೆ ಕೆತ್ತುವುದಂತೂ ಬೇಡವೇ ಬೇಡ. ಅಭಯಾರಣ್ಯದೊಳಗೆ ವಾಹನದಿಂದ ಇಳಿಯುವಂತಿಲ್ಲ. ಅಲ್ಲಿ ದುರ್ಬೀನು ಸಾಕು. ಎಲೆ ಮಗುಚಿ ನೋಡುವ ಅಭ್ಯಾಸವನ್ನು ನಿಮ್ಮೂರಿನ ರಸ್ತೆಬದಿಯ ಮರಗಳಲ್ಲೇ ಶುರುಮಾಡಿ.